ಅನುಭವವಿಲ್ಲದವರಿಗೆ ವೈದ್ಯಕೀಯ ಬಿಲ್ಲಿಂಗ್‌ನಲ್ಲಿ ಮೊದಲ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಾಣಿಜ್ಯ ಪದವಿಯ ನಂತರ ಅಮೆರಿಕದ ವೈದ್ಯಕೀಯ ಬಿಲ್ಲಿಂಗ್ ಕುರಿತ ತರಬೇತಿಯೊಂದನ್ನು ಮುಗಿಸಿದ್ದೇನೆ. ಅರ್ಜಿ ಹಾಕಿದಲ್ಲೆಲ್ಲ ಒಂದೆರಡು ವರ್ಷಗಳ ಅನುಭವ ಇರಬೇಕೆನ್ನುತ್ತಾರೆ. ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವ ಬರುವುದಾದರೂ ಹೇಗೆ? ನನ್ನಂಥವರು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಆದರೂ ಅನುಭವ ಕೇಳುವ ಉದ್ಯೋಗದಾತರ ಮನಸ್ಸಿನಲ್ಲಿ ಯಾವ ಭಯವಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ, ಆ ಭಯವನ್ನು ನಿವಾರಿಸುವ ದಾರಿಯೂ ಕಾಣುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸಲ್ಲಿಸುವ ಕ್ಲೇಮ್ (ಚಿಕಿತ್ಸೆಯ ಹಣ ಕೋರುವ ಅರ್ಜಿ) ಚಿಕಿತ್ಸೆ ನಡೆದ ದಿನದಿಂದ 12 ತಿಂಗಳೊಳಗೆ ತಲುಪಬೇಕು. ಖಾಸಗಿ ವಿಮಾ ಕಂಪನಿಗಳಲ್ಲಿ ಹಲವು ಇದಕ್ಕಿಂತ ಕಡಿಮೆ ಗಡುವು ಇಟ್ಟಿರುತ್ತವೆ. ಗಡುವು ಮೀರಿದ ಕ್ಲೇಮ್ ಸಿಓ-29 ಎಂಬ ಸಂಕೇತ ಹೊತ್ತು ತಿರಸ್ಕೃತವಾಗಿ ಹಿಂದಿರುಗುತ್ತದೆ. ಅಲ್ಲಿರುವ ಸಿಓ ಎಂಬ ಅಕ್ಷರಗಳು ಆ ನಷ್ಟವನ್ನು ವೈದ್ಯರೇ ಹೊರಬೇಕು, ರೋಗಿಯಿಂದ ವಸೂಲಿ ಮಾಡುವಂತಿಲ್ಲ ಎಂದು ತಿಳಿಸುತ್ತವೆ. ಹೊಸಬರು ಒಂದು ಕ್ಲೇಮ್ ಅನ್ನು ತಪ್ಪಾಗಿ ಕಳುಹಿಸಿ, ಅದು ಹಿಂದೆ ಬಂದದ್ದನ್ನೂ ಗಮನಿಸದೆ ಬಿಟ್ಟರೆ, ಆ ಚಿಕಿತ್ಸೆಯ ಹಣ ಶಾಶ್ವತವಾಗಿ ಹೋಯಿತೆಂದೇ ಅರ್ಥ. ಆದ್ದರಿಂದ ‘ಎರಡು ವರ್ಷದ ಅನುಭವ’ ಎಂದು ಬರೆಯುವಾಗ ಅವರು ನಿಜವಾಗಿ ಹುಡುಕುತ್ತಿರುವುದು ಕ್ಲೇಮ್ ಒಂದು ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂದು ಗುರುತಿಸಬಲ್ಲ ವ್ಯಕ್ತಿಯನ್ನು. ಈ ಗುಣದ ದೊಡ್ಡ ಭಾಗವನ್ನು ಕೆಲಸ ಸಿಗುವ ಮೊದಲೇ ಗಳಿಸಿಕೊಳ್ಳಬಹುದು ಎಂಬುದು ನನ್ನ ದೃಢವಾದ ನಂಬಿಕೆ.

ಹೊಸಬರು ಸಾಮಾನ್ಯವಾಗಿ ‘ಬಿಲ್ಲರ್’ ಅಥವಾ ‘ಕೋಡರ್’ ಎಂಬ ಹೆಸರಿನ ಹುದ್ದೆಗಳನ್ನಷ್ಟೇ ಹುಡುಕುತ್ತಾರೆ. ಆದರೆ ಬಿಲ್ಲಿಂಗ್ ಎನ್ನುವುದು ಒಂದೇ ಕುರ್ಚಿಯ ಕೆಲಸವಲ್ಲ. ರೋಗಿಯ ನೋಂದಣಿ, ವಿಮೆ ಜಾರಿಯಲ್ಲಿದೆಯೇ ಎಂಬ ಪರಿಶೀಲನೆ, ಚಿಕಿತ್ಸೆಗೆ ವಿಮಾ ಕಂಪನಿಯ ಪೂರ್ವಾನುಮತಿ, ಕೋಡಿಂಗ್ (ರೋಗಕ್ಕೂ ಚಿಕಿತ್ಸೆಗೂ ಸಂಕೇತ ನೀಡುವುದು), ಶುಲ್ಕದ ನಮೂದು, ಕ್ಲಿಯರಿಂಗ್‌ಹೌಸ್ (ಕ್ಲೇಮ್‌ಗಳನ್ನು ವಿಮಾ ಕಂಪನಿಗೆ ದಾಟಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ಕ್ಲೇಮ್ ಸಲ್ಲಿಕೆ, ಬಂದ ಹಣದ ಪೋಸ್ಟಿಂಗ್ (ಖಾತೆಗೆ ನಮೂದಿಸುವುದು), ತಿರಸ್ಕೃತ ಕ್ಲೇಮ್‌ಗಳ ಬೆನ್ನುಹತ್ತುವಿಕೆ, ಕೊನೆಗೆ ರೋಗಿಗೆ ಹೋಗುವ ಬಿಲ್, ಹೀಗೆ ಉದ್ದದ ಹಾದಿಯದು. ಹೊಸಬರಿಗೆ ಬಾಗಿಲು ತೆರೆದಿರುವುದು ಹೆಚ್ಚಾಗಿ ಈ ಹಾದಿಯ ಎರಡು ತುದಿಗಳಲ್ಲಿ. ಮುಂದಿನ ತುದಿಯಲ್ಲಿ ನೋಂದಣಿ ಮತ್ತು ವಿಮಾ ಪರಿಶೀಲನೆ ಇವೆ, ಹಿಂದಿನ ತುದಿಯಲ್ಲಿ ಪೇಮೆಂಟ್ ಪೋಸ್ಟಿಂಗ್ ಮತ್ತು ಎಆರ್ ಕಾಲಿಂಗ್ (ಬರಬೇಕಾದ ಬಾಕಿ ಹಣದ ಬೆನ್ನುಹತ್ತಿ ಕರೆ ಮಾಡುವುದು) ಇವೆ. ನಿಮ್ಮ ಹುಡುಕಾಟದ ಪದಗಳನ್ನು ಇಂದೇ ಬದಲಿಸಿ: ಎಲಿಜಿಬಿಲಿಟಿ ವೆರಿಫಿಕೇಶನ್, ಚಾರ್ಜ್ ಎಂಟ್ರಿ, ಪೇಮೆಂಟ್ ಪೋಸ್ಟಿಂಗ್, ಎಆರ್ ಅಸೋಸಿಯೇಟ್, ಪೇಷಂಟ್ ಅಕೌಂಟ್ಸ್ ಎಂಬ ಹೆಸರುಗಳಲ್ಲಿ ಹುಡುಕಿ.

ವಾಣಿಜ್ಯ ಓದಿದವರಿಗೆ ನಾನು ಮೊದಲು ಸೂಚಿಸುವುದು ಪೇಮೆಂಟ್ ಪೋಸ್ಟಿಂಗ್. ವಿಮಾ ಕಂಪನಿ ಹಣದ ಜೊತೆ ಕಳುಹಿಸುವ ವಿವರಪತ್ರವನ್ನು ಸರಿಯಾಗಿ ಓದಬಲ್ಲವರು ಈ ಉದ್ಯೋಗದ ಅರ್ಧವನ್ನು ಕಲಿತಂತೆಯೇ. ಒಂದು ಉದಾಹರಣೆ ನೋಡಿ. ವೈದ್ಯರು 200 ಡಾಲರ್ ಶುಲ್ಕ ಹಾಕಿದ್ದಾರೆ, ವಿಮಾ ಕಂಪನಿಯ ಒಪ್ಪಂದದ ದರ 120 ಡಾಲರ್ ಎಂದುಕೊಳ್ಳಿ. ಉಳಿದ 80 ಡಾಲರ್‌ನ ಎದುರು ಸಿಓ-45 ಎಂದಿರುತ್ತದೆ, ಅದನ್ನು ಖಾತೆಯಿಂದ ಕಡಿತ ಮಾಡಬೇಕು. 20 ಡಾಲರ್‌ನ ಎದುರು ಪಿಆರ್-3 ಎಂದಿದ್ದರೆ ಅದು ರೋಗಿಯ ಕೋಪೇ, ಅಂದರೆ ರೋಗಿ ತಾನೇ ಕೊಡಬೇಕಾದ ನಿಗದಿತ ಪಾಲು, ಅದನ್ನು ರೋಗಿಯಿಂದ ಪಡೆಯಬೇಕು. ಕಂಪನಿ ಪಾವತಿಸಿದ್ದು 100 ಡಾಲರ್. ಮೂರನ್ನೂ ಕೂಡಿಸಿದರೆ ಮತ್ತೆ 200 ಬರಲೇಬೇಕು. ಕಡಿತ ಮಾಡಬೇಕಾದ 80 ಡಾಲರ್ ಅನ್ನು ರೋಗಿಯ ಬಿಲ್‌ಗೆ ಸೇರಿಸಿದರೆ ಒಪ್ಪಂದದ ಉಲ್ಲಂಘನೆಯಾಗುತ್ತದೆ, ಮೇಲಾಗಿ ಕಾಯಿಲೆಯಿಂದ ಬಳಲಿದ ಮನುಷ್ಯನೊಬ್ಬನಿಗೆ ಅವನು ಕೊಡಬೇಕಿಲ್ಲದ ಹಣದ ಬಿಲ್ ಹೋಗುತ್ತದೆ. ಈ ಕೆಲಸವನ್ನು ಗುಮಾಸ್ತಗಿರಿಯೆಂದು ಹಗುರವಾಗಿ ಕಾಣುವವರು ಈ ಕೊನೆಯ ಮಾತನ್ನು ಯೋಚಿಸಬೇಕು.

ಎಆರ್ ಕಾಲಿಂಗ್‌ನ ಸ್ವರೂಪ ಬೇರೆ. ಹಣ ಬಾರದ ಕ್ಲೇಮ್‌ಗಳನ್ನು 30, 60, 90, 120 ದಿನಗಳೆಂದು ವಯಸ್ಸಿನ ಪ್ರಕಾರ ವಿಂಗಡಿಸಿ, ವಿಮಾ ಕಂಪನಿಗೆ ಕರೆ ಮಾಡಿ ಕಾರಣ ಕೇಳುವುದು ಇಲ್ಲಿನ ದಿನಚರಿ. ಅಮೆರಿಕದ ಕ್ಲೇಮ್‌ಗಳ ಈ ಕೆಲಸ ಬೇರೆ ದೇಶಗಳ ಕಚೇರಿಗಳಲ್ಲೂ ನಡೆಯುತ್ತದೆ. ಆಗ ಅಮೆರಿಕದ ಕಚೇರಿ ವೇಳೆಗೆ ಹೊಂದಿಕೊಂಡು ರಾತ್ರಿ ಪಾಳಿ ಮಾಡಬೇಕಾಗುತ್ತದೆ. ಇದು ದೇಹಕ್ಕೆ ಸುಲಭವಲ್ಲ, ಒಪ್ಪಿಕೊಳ್ಳುವ ಮೊದಲು ಮನೆಯವರೊಡನೆ ಮಾತನಾಡಿ. ಆದರೂ ಕ್ಲೇಮ್‌ಗಳು ಯಾವ ಯಾವ ಕಾರಣಗಳಿಂದ ಮುಗ್ಗರಿಸುತ್ತವೆ ಎಂಬುದನ್ನು ಇಷ್ಟು ಬೇಗ ಕಲಿಸುವ ಮತ್ತೊಂದು ಹುದ್ದೆ ನನಗೆ ಗೊತ್ತಿಲ್ಲ. ಸಿಓ-27 ಬಂದರೆ ಚಿಕಿತ್ಸೆಯ ವೇಳೆಗೆ ವಿಮೆ ಮುಗಿದಿತ್ತು, ಸಿಓ-22 ಬಂದರೆ ಮೊದಲು ಪಾವತಿಸಬೇಕಾದ ವಿಮೆ ಬೇರೊಂದಿದೆ, ಸಿಓ-197 ಬಂದರೆ ಪೂರ್ವಾನುಮತಿ ಇಲ್ಲ, ಸಿಓ-97 ಬಂದರೆ ಆ ಸೇವೆಯ ಹಣ ಮತ್ತೊಂದು ಸೇವೆಯ ಪಾವತಿಯಲ್ಲೇ ಸೇರಿಹೋಗಿದೆ. ಕೆಲವು ವಾರ ಇಂಥ ಕ್ಲೇಮ್‌ಗಳನ್ನು ನೋಡಿದವರಿಗೆ ಸಂಕೇತ ಕಂಡ ಕೂಡಲೇ ಮುಂದಿನ ಹೆಜ್ಜೆ ಹೊಳೆಯತೊಡಗುತ್ತದೆ.

ಪ್ರಶ್ನೆ: ಕೆಲಸವಿಲ್ಲದಿರುವಾಗ ಮನೆಯಲ್ಲೇ ಅಭ್ಯಾಸ ಮಾಡುವ ಬಗೆ ಯಾವುದು? ಅದನ್ನು ರೆಸ್ಯೂಮೆಯಲ್ಲಿ ಬರೆಯಬಹುದೇ?

ಉತ್ತರ: ಬರೆಯಬಹುದು, ಅಭ್ಯಾಸವನ್ನು ಅಭ್ಯಾಸವೆಂದೇ ಬರೆಯಬೇಕು. ಉದ್ಯೋಗ ಮಾಡಿದಂತೆ ತೋರಿಸುವ ಸುಳ್ಳು ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ.

ಮೊದಲು ಸಿಎಂಎಸ್-1500 ಎಂಬ ಕ್ಲೇಮ್ ನಮೂನೆಯನ್ನು ಕಲಿಯಿರಿ. ಅದರಲ್ಲಿ 33 ಅಂಕಣಗಳಿವೆ. ಅದನ್ನು ತುಂಬುವ ಕ್ರಮ ವಿವರಿಸುವ ಕೈಪಿಡಿಯನ್ನು ಎನ್‌ಯುಸಿಸಿ ಎಂಬ ಸಮಿತಿ ಉಚಿತವಾಗಿ ನೀಡುತ್ತದೆ. 21ನೆಯ ಅಂಕಣದಲ್ಲಿ ರೋಗದ ಸಂಕೇತಗಳು, 24ನೆಯದರ ಡಿ ಭಾಗದಲ್ಲಿ ಚಿಕಿತ್ಸೆಯ ಸಂಕೇತ, ಇ ಭಾಗದಲ್ಲಿ ಯಾವ ರೋಗಕ್ಕಾಗಿ ಯಾವ ಚಿಕಿತ್ಸೆ ಎಂದು ಜೋಡಿಸುವ ಸೂಚಕ ಇರುತ್ತವೆ. ಈ ಜೋಡಣೆ ಏಕೆ ಬೇಕೆಂದು ಅರ್ಥವಾದ ದಿನ ನಮೂನೆಯ ಉಳಿದ ಭಾಗವೂ ಅರ್ಥವಾಗತೊಡಗುತ್ತದೆ, ಏಕೆಂದರೆ ವಿಮಾ ಕಂಪನಿ ಕೇಳುವ ಮೂಲ ಪ್ರಶ್ನೆಯೇ ‘ಈ ಚಿಕಿತ್ಸೆ ಈ ರೋಗಿಗೆ ಏಕೆ ಬೇಕಾಯಿತು?’ ಎಂಬುದು. ಆಸ್ಪತ್ರೆಗಳು ಬಳಸುವ ಯುಬಿ-04 ನಮೂನೆಯನ್ನು ನಂತರ ನೋಡಿದರೆ ಸಾಕು.

ಮೆಡಿಕೇರ್ ಅನ್ನು ನಡೆಸುವ ಸಿಎಂಎಸ್ ಸಂಸ್ಥೆಯೇ ಮೆಡಿಕೇರ್ ಲರ್ನಿಂಗ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಉಚಿತ ಪಾಠಗಳನ್ನು ಒದಗಿಸಿದೆ. ಹಣ ಕೊಟ್ಟು ಕಲಿಯುವ ಮೊದಲು ಇವನ್ನು ಮುಗಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ತಂತ್ರಾಂಶದ ಅನುಭವ ಬೇಕಾದವರು ಓಪನ್‌ಇಎಂಆರ್ ಎಂಬ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿಕೊಂಡು, ಕಲ್ಪಿತ ರೋಗಿಗಳನ್ನು ನೋಂದಾಯಿಸಿ, ವಿಮೆ ಸೇರಿಸಿ, ಶುಲ್ಕ ನಮೂದಿಸಿ, ಕ್ಲೇಮ್ ಸಿದ್ಧಪಡಿಸುವವರೆಗಿನ ಎಲ್ಲ ಹಂತಗಳನ್ನೂ ಮಾಡಿ ನೋಡಬಹುದು. ಕಚೇರಿಗಳು ಬಳಸುವ ತಂತ್ರಾಂಶ ಬೇರೆಯದಾಗಿರುತ್ತದೆ ನಿಜ, ಆದರೆ ಹಂತಗಳ ಕ್ರಮ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಇದರ ಜೊತೆಗೆ ಸಾಮಾನ್ಯವಾಗಿ ಬರುವ ಇಪ್ಪತ್ತು ತಿರಸ್ಕಾರ ಸಂಕೇತಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರು ಕಾರಣವನ್ನೂ ನೀವು ಇಡುವ ಮುಂದಿನ ಹೆಜ್ಜೆಯನ್ನೂ ನಿಮ್ಮದೇ ಮಾತಿನಲ್ಲಿ ಬರೆಯಿರಿ. ರೆಸ್ಯೂಮೆಯಲ್ಲಿ ‘ಬಿಲ್ಲಿಂಗ್ ಜ್ಞಾನವಿದೆ’ ಎಂಬ ಸಾಲಿಗಿಂತ ‘ಕಲ್ಪಿತ ದಾಖಲೆಗಳ ಮೇಲೆ ಸಿಎಂಎಸ್-1500 ಕ್ಲೇಮ್‌ಗಳನ್ನು ಸಿದ್ಧಪಡಿಸಿ, ಪಾವತಿ ವಿವರಗಳನ್ನು ಪೋಸ್ಟ್ ಮಾಡುವ ಅಭ್ಯಾಸ ಮಾಡಿದ್ದೇನೆ’ ಎಂಬ ಸಾಲು ಹೆಚ್ಚು ತೂಕದ್ದು.

ಪ್ರಶ್ನೆ: ಪ್ರಮಾಣಪತ್ರವಿಲ್ಲದೆ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಸಿಪಿಸಿ ಎಂಬ ಕೋಡಿಂಗ್ ಪರೀಕ್ಷೆ ಬರೆಯಬೇಕೇ?

ಉತ್ತರ: ಕೋಡರ್ ಆಗುವ ಗುರಿಯಿದ್ದರೆ ಬರೆಯಿರಿ, ಬಿಲ್ಲಿಂಗ್ ನಿಮ್ಮ ಗುರಿಯಾದರೆ ಅವಸರ ಬೇಡ. ವೈದ್ಯರ ಟಿಪ್ಪಣಿ ಓದಿ ರೋಗಕ್ಕೆ ಐಸಿಡಿ-10 ಸಂಕೇತವನ್ನೂ ಚಿಕಿತ್ಸೆಗೆ ಸಿಪಿಟಿ ಸಂಕೇತವನ್ನೂ ನೀಡುವವರು ಕೋಡರ್‌ಗಳು. ಆ ಸಂಕೇತಗಳನ್ನು ಕ್ಲೇಮ್ ಆಗಿಸಿ ಹಣ ಬರುವವರೆಗೆ ಹಿಂಬಾಲಿಸುವವರು ಬಿಲ್ಲರ್‌ಗಳು. ಅಮೆರಿಕದ ಕೋಡರ್‌ಗಳ ವೃತ್ತಿಸಂಸ್ಥೆಯಾದ ಎಎಪಿಸಿ ನಡೆಸುವ ಸಿಪಿಸಿ ಕೋಡಿಂಗ್‌ನ ಪರೀಕ್ಷೆ, 100 ಪ್ರಶ್ನೆಗಳಿಗೆ 4 ಗಂಟೆಗಳಲ್ಲಿ ಉತ್ತರಿಸಬೇಕು. ಉತ್ತೀರ್ಣರಾದರೂ ಅನುಭವವಿಲ್ಲದವರಿಗೆ ಮೊದಲು ಸಿಗುವುದು ಸಿಪಿಸಿ-ಎ ಎಂಬ ಬಿರುದು. ಆ ‘ಎ’ ಅಕ್ಷರ ನೀವಿನ್ನೂ ಅಪ್ರೆಂಟಿಸ್ ಎಂದು ಸೂಚಿಸುತ್ತದೆ, ಅದನ್ನು ತೆಗೆಸಲು ಮತ್ತೆ ಎರಡು ವರ್ಷದ ಅನುಭವವನ್ನೋ ಅದಕ್ಕೆ ಸಮನೆಂದು ಒಪ್ಪಿದ ತರಬೇತಿಯನ್ನೋ ತೋರಿಸಬೇಕಾಗುತ್ತದೆ. ಅನೇಕ ಯುವಕ ಯುವತಿಯರು ಇದನ್ನು ತಿಳಿಯದೆ ಸಾಲ ಮಾಡಿ ಪರೀಕ್ಷೆ ಕಟ್ಟಿ, ಆಮೇಲೆ ಕುಗ್ಗಿಹೋಗುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಬಿಲ್ಲಿಂಗ್‌ಗೆಂದೇ ಅದೇ ಸಂಸ್ಥೆಯ ಸಿಪಿಬಿ ಎಂಬ ಪರೀಕ್ಷೆಯಿದೆ. ವೈದ್ಯಕೀಯ ದಾಖಲೆ ನಿರ್ವಹಿಸುವವರ ವೃತ್ತಿಸಂಸ್ಥೆಯಾದ ಅಹಿಮಾದ ಸಿಸಿಎ ಪರೀಕ್ಷೆ ಕೋಡಿಂಗ್‌ನ ಆರಂಭಿಕ ಹಂತದವರಿಗಾಗಿ ಇರುವಂಥದ್ದು. ನನ್ನ ಸಲಹೆಯೆಂದರೆ ಮೊದಲು ಮೇಲೆ ಹೇಳಿದ ಯಾವುದಾದರೊಂದು ಬಾಗಿಲಿನಿಂದ ಒಳಗೆ ಹೋಗಿ, ಕೆಲವು ತಿಂಗಳು ಕೆಲಸ ಮಾಡಿ, ಯಾವ ದಿಕ್ಕು ನಿಮಗೆ ಒಗ್ಗುತ್ತದೆ ಎಂದು ತಿಳಿದ ಮೇಲೆ ಪರೀಕ್ಷೆ ಕಟ್ಟಿ. ನೌಕರರ ಪರೀಕ್ಷಾ ಶುಲ್ಕ ಭರಿಸುವ ಕಚೇರಿಗಳೂ ಇವೆ.

ಹಳೆಯ ಸಂಕೇತ ಪುಸ್ತಕ ಕೊಳ್ಳುವವರಿಗೊಂದು ಮಾತು: ಸಿಪಿಟಿ ಪ್ರತಿವರ್ಷ ಜನವರಿ 1ರಂದು, ಐಸಿಡಿ-10 ಅಕ್ಟೋಬರ್ 1ರಂದು ಪರಿಷ್ಕೃತವಾಗುತ್ತವೆ. ಹಳೆಯ ಪುಸ್ತಕ ಕಲಿಕೆಗೆ ಸಾಕಾದೀತು, ಪರೀಕ್ಷೆಗೂ ಕೆಲಸಕ್ಕೂ ಸಾಲದು.

ಪ್ರಶ್ನೆ: ಮನೆಯಿಂದಲೇ ಬಿಲ್ಲಿಂಗ್ ಮಾಡಿ ಸಂಪಾದಿಸಬಹುದು, ತಂತ್ರಾಂಶವನ್ನೂ ವೈದ್ಯರ ಪಟ್ಟಿಯನ್ನೂ ನಾವೇ ಕೊಡುತ್ತೇವೆ, ಮೊದಲು ಹಣ ಕಟ್ಟಿ ಎಂದು ಒಬ್ಬರು ಕರೆ ಮಾಡುತ್ತಿದ್ದಾರೆ. ನಂಬಬಹುದೇ?

ಉತ್ತರ: ಹಣ ಕಟ್ಟಬೇಡಿ. ಸಂಬಳ ಕೊಡುವ ಕೆಲಸಕ್ಕೆ ನೌಕರರಿಂದಲೇ ಹಣ ಕೇಳುವುದು ಮೋಸದ ಮೊದಲ ಲಕ್ಷಣ. ಮನೆಯಿಂದ ವೈದ್ಯಕೀಯ ಬಿಲ್ಲಿಂಗ್ ಎಂಬ ಹೆಸರಿನ ಈ ಬಗೆಯ ವಂಚನೆಯ ಬಗ್ಗೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಬಹಳ ಹಿಂದಿನಿಂದಲೂ ಎಚ್ಚರಿಸುತ್ತ ಬಂದಿದೆ. ಅವರು ಕೊಡುವ ಪಟ್ಟಿಯಲ್ಲಿರುವ ವೈದ್ಯರು ಬಿಲ್ಲಿಂಗ್‌ಗೆ ಯಾರನ್ನಾದರೂ ಹುಡುಕುತ್ತಿರುವುದೇ ಅಪರೂಪ. ಅನುಭವವಿಲ್ಲದ ಅಪರಿಚಿತರಿಗೆ ಯಾವ ವೈದ್ಯರೂ ತಮ್ಮ ವರಮಾನದ ಲೆಕ್ಕವನ್ನು ಒಪ್ಪಿಸುವುದಿಲ್ಲ ಎಂಬ ಸರಳ ಸತ್ಯವನ್ನು ನೆನಪಿಡಿ. ಮನೆಯಿಂದ ಕೆಲಸ ಮಾಡುವ ನಿಜವಾದ ಹುದ್ದೆಗಳು ಇವೆ, ಅವು ಹೆಚ್ಚಾಗಿ ಕಚೇರಿಯಲ್ಲಿ ಪಳಗಿದವರಿಗೇ ಸಿಗುತ್ತವೆ.

ಪ್ರಶ್ನೆ: ನಾನು ಹತ್ತು ವರ್ಷ ಔಷಧಿ ಅಂಗಡಿಯೊಂದರ ಕೌಂಟರ್‌ನಲ್ಲಿ ಕೆಲಸ ಮಾಡಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಈ ಅನುಭವಕ್ಕೆ ಬೆಲೆಯಿದೆಯೇ? ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಉತ್ತರ: ಖಂಡಿತ ಇದೆ. ಔಷಧಗಳ ಹೆಸರು, ವೈದ್ಯರ ಚೀಟಿ ಓದುವ ಅಭ್ಯಾಸ, ಹಣದ ವಿಷಯದಲ್ಲಿ ಬೇಸರಗೊಂಡ ಗ್ರಾಹಕರೊಡನೆ ತಾಳ್ಮೆಯ ಮಾತು, ದಿನದ ಕೊನೆಗೆ ಲೆಕ್ಕ ಸರಿಹೊಂದಿಸುವ ಶಿಸ್ತು, ಇವೆಲ್ಲವೂ ಬಿಲ್ಲಿಂಗ್‌ಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಅವುಗಳನ್ನು ರೆಸ್ಯೂಮೆಯ ಮೇಲ್ಭಾಗದಲ್ಲೇ ಬರೆಯಿರಿ.

ಸಂದರ್ಶನದಲ್ಲಿ ಹೊಸಬರಿಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ರಿಜೆಕ್ಷನ್‌ಗೂ ಡಿನಯಲ್‌ಗೂ ವ್ಯತ್ಯಾಸವೇನು? ವಿಮಾ ಕಂಪನಿ ಪರಿಶೀಲನೆಗೆ ತೆಗೆದುಕೊಳ್ಳುವ ಮೊದಲೇ, ಹೆಸರಿನ ಅಥವಾ ಸದಸ್ಯ ಸಂಖ್ಯೆಯ ದೋಷದಂಥ ಕಾರಣಕ್ಕೆ ಹಿಂದಿರುಗಿದ್ದು ರಿಜೆಕ್ಷನ್, ಅದನ್ನು ತಿದ್ದಿ ಹೊಸದಾಗಿ ಕಳುಹಿಸಬೇಕು. ಪರಿಶೀಲನೆಯ ನಂತರ ಪಾವತಿ ನಿರಾಕರಿಸಿದ್ದು ಡಿನಯಲ್. ಇದನ್ನು ತಿದ್ದುವಾಗ ಹಲವು ಖಾಸಗಿ ವಿಮಾ ಕಂಪನಿಗಳು 22ನೆಯ ಅಂಕಣದಲ್ಲಿ 7 ಎಂಬ ಸಂಖ್ಯೆಯನ್ನೂ ಮೂಲ ಕ್ಲೇಮ್‌ನ ಸಂಖ್ಯೆಯನ್ನೂ ಬಯಸುತ್ತವೆ. ಇವಿಲ್ಲದೆ ಮತ್ತೆ ಕಳುಹಿಸಿದರೆ ನಕಲು ಕ್ಲೇಮ್ ಎಂಬ ಸಿಓ-18 ಸಂಕೇತದೊಂದಿಗೆ ಹಿಂದಿರುಗಬಹುದು. ಇಷ್ಟನ್ನು ತಡವರಿಸದೆ ವಿವರಿಸಿದರೆ, ನಿಮ್ಮ ವಯಸ್ಸು ಎಷ್ಟೆಂಬುದು ಎದುರಿಗೆ ಕುಳಿತವರಿಗೆ ಮುಖ್ಯವಾಗಲಾರದು.

ಇನ್ನೊಂದು ವಿಷಯದಲ್ಲಿ ಎಲ್ಲ ಓದುಗರೂ ಎಚ್ಚರವಾಗಿರಬೇಕು. ರೋಗಿಯ ಮಾಹಿತಿಯ ಗೋಪ್ಯತೆಯನ್ನು ಅಮೆರಿಕದಲ್ಲಿ 1996ರ ಹಿಪಾ ಕಾಯಿದೆ ಕಾಪಾಡುತ್ತದೆ, ಸಂದರ್ಶನದಲ್ಲಿ ಅದರ ಬಗ್ಗೆಯೂ ಕೇಳುತ್ತಾರೆ. ತರಬೇತಿಯಲ್ಲೋ ಹಿಂದಿನ ಕೆಲಸದಲ್ಲೋ ಕೈಗೆ ಬಂದ ನಿಜವಾದ ರೋಗಿಗಳ ದಾಖಲೆಯನ್ನು ನಿಮ್ಮ ಕೆಲಸದ ಮಾದರಿಯೆಂದು ಎಂದೂ ಒಯ್ಯಬೇಡಿ, ಮೊಬೈಲ್‌ನಲ್ಲಿ ತೋರಿಸಲೂ ಬೇಡಿ. ಉಳಿದೆಲ್ಲ ಉತ್ತರಗಳು ಸರಿಯಿದ್ದರೂ ಇದೊಂದೇ ಕಾರಣಕ್ಕೆ ನಿಮ್ಮ ಅರ್ಜಿ ತಿರಸ್ಕೃತವಾದೀತು. ಮಾದರಿ ತೋರಿಸಲೇಬೇಕಾದರೆ ಕಲ್ಪಿತ ಹೆಸರು, ಕಲ್ಪಿತ ಸದಸ್ಯ ಸಂಖ್ಯೆಗಳಿರುವ ಅಭ್ಯಾಸದ ಕ್ಲೇಮ್ ಅನ್ನೇ ತೋರಿಸಿ, ಅದು ಕಲ್ಪಿತವೆಂದು ಪುಟದ ಮೇಲ್ಭಾಗದಲ್ಲೇ ಬರೆದಿರಿ.