ಪುಟ ಮಗುಚುವ ಮೊದಲು: ಭೂತಪ್ರೇತದ ಕಾಮಿಕ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಹೆಲ್‌ಬಾಯ್ ಓದಬೇಕೆಂದು ಮೊದಲ ಪುಸ್ತಕ ಹಿಡಿದೆ. ನಾಜಿಗಳು, ರಾಸ್ಪುಟಿನ್, ಕಪ್ಪೆಮನುಷ್ಯರು ಎಲ್ಲ ಒಟ್ಟಿಗೆ ಬಂದು ತಲೆಬುಡ ಅರ್ಥ ಆಗಲಿಲ್ಲ. ಎಲ್ಲಿಂದ ಶುರು ಮಾಡುವುದು?
(ಕದ್ರಿಯಿಂದ ಒಬ್ಬ ಓದುಗರು)

ತಪ್ಪು ನಿಮ್ಮದಲ್ಲ. ಹೆಲ್‌ಬಾಯ್ ಅಂದರೆ ತಾನೇ ರಾಕ್ಷಸನಾಗಿದ್ದೂ ಭೂತಪ್ರೇತಗಳ ಜೊತೆ ಹೊಡೆದಾಡುವ ನಾಯಕ. 1994ರ ಆ ಮೊದಲ ಕಥೆಯ ಕಲ್ಪನೆ, ಚಿತ್ರ ಎರಡೂ ಮೈಕ್ ಮಿನ್ಯೋಲಾ ಅವರದು. ಮಾತು ಬರೆದವರು ಮಾತ್ರ ಜಾನ್ ಬರ್ನ್. ಹಾಗಾಗಿ ಚಿತ್ರದಲ್ಲಿ ಕಾಣುವುದನ್ನೇ ಮಾತಿನಲ್ಲಿ ಮತ್ತೆ ಹೇಳಿದ ಜಾಗಗಳು ಅದರಲ್ಲಿ ಬಹಳ. ಮಿನ್ಯೋಲಾ ತಾವೇ ಬರೆಯತೊಡಗಿದ ಮೇಲೆ ಮಾತು ಕಡಿಮೆಯಾಯಿತು, ಕಥೆಗೆ ಕಳೆ ಬಂತು.

ನೀವು ಸಣ್ಣಕಥೆಗಳಿಂದ ಶುರು ಮಾಡಿ. 2018ರಲ್ಲಿ ಎಲ್ಲ ಸಣ್ಣಕಥೆಗಳನ್ನೂ ಸೇರಿಸಿ ಎರಡು ಸಂಪುಟ ತಂದಿದ್ದಾರೆ. ಮೊದಲ ಸಂಪುಟದಲ್ಲಿರುವ ‘ದಿ ಕಾರ್ಪ್ಸ್’ ಓದಿ. ಐರ್ಲೆಂಡಿನ ಒಂದು ಮನೆಯ ಹಸುಗೂಸನ್ನು ಯಕ್ಷಿಣಿಯರು ಕದ್ದು, ತೊಟ್ಟಿಲಲ್ಲಿ ಬೇರೊಂದನ್ನು ಮಲಗಿಸಿ ಹೋಗಿದ್ದಾರೆ. ಮಗು ವಾಪಸು ಬೇಕಾದರೆ ಹೆಲ್‌ಬಾಯ್ ಮಾತಾಡುವ ಒಂದು ಹೆಣವನ್ನು ಬೆನ್ನ ಮೇಲೆ ಹೊತ್ತು, ಬೆಳಗಾಗುವುದರೊಳಗೆ ಅದನ್ನು ಹೂಳಲು ಜಾಗ ಹುಡುಕಬೇಕು. ಬೇತಾಳನನ್ನು ಹೊತ್ತ ವಿಕ್ರಮನ ಕಥೆ ಕೇಳಿ ಬೆಳೆದವರಿಗೆ ಇದಕ್ಕೆ ಯಾವ ಪೀಠಿಕೆಯೂ ಬೇಡ. ತೊಟ್ಟಿಲಿನ ಆ ಕೂಸಿಗೆ ಕಬ್ಬಿಣ ಕಂಡರೆ ಆಗುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಕತ್ತಿ ಇಡುವ ನಮ್ಮ ಹಿರಿಯರಿಗೆ ಇದು ಗೊತ್ತಿದ್ದದ್ದೇ. ಅದರ ಹೆಸರು ಗ್ರುವಾಗಾಕ್. ನೆನಪಿಟ್ಟುಕೊಳ್ಳಿ, ಮುಂದೆ ದೊಡ್ಡ ಕಥೆಯಲ್ಲಿ ಅದೇ ಹಗೆ ಹಿಡಿದು ವಾಪಸು ಬರುತ್ತದೆ. ಸಣ್ಣಕಥೆಗಳು ಮುಗಿದ ಮೇಲೆ ದೊಡ್ಡ ಕಥೆಯನ್ನು ಒಟ್ಟುಸೇರಿಸಿದ ನಾಲ್ಕು ಆಮ್ನಿಬಸ್ ಸಂಪುಟಗಳನ್ನು ವರಸೆಯಾಗಿ ಓದಿ. ಬಿ.ಪಿ.ಆರ್.ಡಿ. (ಹೆಲ್‌ಬಾಯ್ ಕೆಲಸ ಮಾಡಿದ ಸಂಸ್ಥೆಯ ಕಥೆಗಳು) ಮುಂತಾದ ಕವಲುಗಳಿಗೆ ಅಲ್ಲಿಯವರೆಗೆ ಕೈ ಹಾಕಬೇಡಿ.

ಕೋಲ, ಯಕ್ಷಗಾನ ನೋಡಿ ಬೆಳೆದವ ನಾನು. ಈ ಕಾಮಿಕ್ಸ್ ಓದಿದರೆ ಹೆದರಿಕೆಯೇ ಆಗುವುದಿಲ್ಲ, ಹತ್ತು ನಿಮಿಷಕ್ಕೆ ಒಂದು ಸಂಚಿಕೆ ಮುಗಿದುಹೋಗ್ತದೆ. ಮೊಬೈಲಿನಲ್ಲಿ ಓದುವುದು.
(ಉಡುಪಿಯಿಂದ)

ಕಾರಣ ನಿಮ್ಮ ಪತ್ರದಲ್ಲೇ ಉಂಟು. ಬಣ್ಣದ ವೇಷ ರಂಗಕ್ಕೆ ಬರುವಾಗ ಮೊದಲು ತೆರೆ ಹಿಡಿಯುತ್ತಾರಲ್ಲ? ಕಿರೀಟದ ತುದಿ ಕಾಣುತ್ತದೆ, ಆರ್ಭಟ ಕೇಳುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಕಾಮಿಕ್ಸ್‌ನಲ್ಲಿ ಆ ತೆರೆ ಅಂದರೆ ಬಲಪುಟ. ಬಲಪುಟದ ಕೊನೆಯ ಚೌಕದಲ್ಲಿ ಬಾಗಿಲು ಅರ್ಧ ತೆರೆದಿರುತ್ತದೆ, ಯಾರೋ ತಿರುಗಿ ನೋಡುತ್ತಿರುತ್ತಾರೆ. ಅವರು ನೋಡಿದ್ದು ಏನೆಂದು ಗೊತ್ತಾಗುವುದು ಹಾಳೆ ಮಗುಚಿದ ಮೇಲೆ, ಎಡಪುಟದಲ್ಲಿ. ಪಳಗಿದ ಚಿತ್ರಕಾರರು ಇದನ್ನು ಲೆಕ್ಕ ಹಾಕಿಯೇ ಕೂರಿಸುತ್ತಾರೆ. ಮೊಬೈಲಿನಲ್ಲಿ ಒಂದೊಂದೇ ಚೌಕ ಜಾರಿಸುತ್ತಾ ಹೋದರೆ ತೆರೆಯೇ ಇಲ್ಲದ ಒಡ್ಡೋಲಗ ನೋಡಿದ ಹಾಗೆ. ಅಚ್ಚಾದ ಪುಸ್ತಕ ಸಿಕ್ಕದಿದ್ದರೆ ಹತ್ತಿಂಚಿನ ಟ್ಯಾಬ್ ಅಡ್ಡ ಹಿಡಿದು, ಎರಡು ಪುಟ ಒಟ್ಟಿಗೆ ಕಾಣುವಂತೆ ಇಟ್ಟುಕೊಳ್ಳಿ. ಎಡಬದಿಗೆ ಸಮಸಂಖ್ಯೆಯ ಪುಟವೇ ಬರಬೇಕು. ರಕ್ಷಾಪುಟವನ್ನು ಬಿಡಿಯಾಗಿ ತೋರಿಸದ ಆ್ಯಪ್‌ಗಳಲ್ಲಿ ಇದು ಒಂದು ಪುಟ ತಪ್ಪಿ, ಕಥೆಯ ಗುಟ್ಟು ಮೊದಲೇ ರಟ್ಟಾಗುತ್ತದೆ.

ಇನ್ನೊಂದು, ನೀವು ಬರೀ ಮಾತು ಓದುತ್ತಿದ್ದೀರಿ. ಮಾತಿಲ್ಲದ ಚೌಕ ಬಂದರೆ ನಿಲ್ಲಿ. ಮಿನ್ಯೋಲಾ ಹೊಡೆದಾಟದ ನಡುವೆಯೂ ಒಂದು ಕಲ್ಲುಮೂರ್ತಿಯ ಮುಖವನ್ನೋ ಕಾಗೆಯನ್ನೋ ತಂದಿಡುತ್ತಾರೆ. ಕಥೆಗೆ ಸಂಬಂಧವಿಲ್ಲವೆಂದು ದಾಟಿಬಿಟ್ಟರೆ, ಚೆಂಡೆ ಗಪ್ಪನೆ ನಿಂತಾಗಿನ ಆ ಮೌನವನ್ನು ಕಳೆದುಕೊಂಡಿರಿ. ಅಕ್ಷರದ ರೂಪವನ್ನೂ ಗಮನಿಸಿ. ‘ಸ್ಯಾಂಡ್‌ಮನ್’ ಎಂಬ ಕಾಮಿಕ್ಸ್‌ನಲ್ಲಿ ನಾಯಕನಾದ ಸ್ವಪ್ನದೊಡೆಯ ಮಾತಾಡಿದರೆ ಕಪ್ಪು ಗುಳ್ಳೆಯಲ್ಲಿ ಬಿಳಿ ಅಕ್ಷರ, ಅವನ ತಂಗಿ ಡಿಲಿರಿಯಮ್‌ಳದ್ದು ಬಣ್ಣಬಣ್ಣದ ಸೊಟ್ಟ ಅಕ್ಷರ. ಅಕ್ಷರ ಬರೆದ ಟಾಡ್ ಕ್ಲೈನ್ ದನಿಯನ್ನು ಕಣ್ಣಿಗೆ ಕಾಣಿಸಿದ್ದಾರೆ.

ಹನ್ನೊಂದು ವರ್ಷದ ಮಗನಿಗೆ ಯಾವುದು ಕೊಡಬಹುದು?
(ಸುರತ್ಕಲ್‌ನಿಂದ ಒಬ್ಬ ತಾಯಿ)

ಜೆಫ್ ಸ್ಮಿತ್ ಅವರ ‘ಬೋನ್’ ಕೊಡಿ. 1991ರಿಂದ 2004ರವರೆಗೆ ಬಂದ 55 ಸಂಚಿಕೆ. ನಗು, ಡ್ರ್ಯಾಗನ್, ಒಳ್ಳೆಯ ಅಜ್ಜಿ ಎಲ್ಲ ಇದ್ದಾರೆ. ಮಧ್ಯಭಾಗದಿಂದ ಕಥೆ ಗಾಢವಾಗುತ್ತದೆ, ಆ ವಯಸ್ಸಿಗೆ ತಡೆದುಕೊಳ್ಳುವಷ್ಟೇ. ಹೆಲ್‌ಬಾಯ್ ಇನ್ನೆರಡು ಮೂರು ವರ್ಷ ಕಾಯಲಿ. ‘ಸ್ಯಾಂಡ್‌ಮನ್’, ‘ಹೆಲ್‌ಬ್ಲೇಜರ್’ ದೊಡ್ಡವರಿಗೆ ಮಾತ್ರ.

1960ರ ದಶಕದ ಅಮೆರಿಕನ್ ಕಾಮಿಕ್ಸ್‌ನಲ್ಲಿ ರಕ್ತಪಿಶಾಚಿಗಳು ಕಾಣುವುದೇ ಇಲ್ಲ ಯಾಕೆ?
(ಮಣಿಪಾಲದ ವಿದ್ಯಾರ್ಥಿ)

1954ರಲ್ಲಿ ಪ್ರಕಾಶಕರೇ ಹಾಕಿಕೊಂಡ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಅದನ್ನು ನಿಷೇಧಿಸಿತ್ತು. 1971ರಲ್ಲಿ ಸಡಿಲಿಸಿದರು, ಮರುವರ್ಷವೇ ಮಾರ್ವೆಲ್‌ನ ‘ಟೂಂಬ್ ಆಫ್ ಡ್ರ್ಯಾಕುಲಾ’ ಬಂತು. ಅದರ 70 ಸಂಚಿಕೆಗಳಿಗೂ ಚಿತ್ರ ಬರೆದ ಜೀನ್ ಕೋಲನ್ ಅವರ ಮಂಜು, ನೆರಳು ನೋಡಲಿಕ್ಕೆಂದೇ ಅದನ್ನು ಹುಡುಕಿ ಓದಬೇಕು.

ಮಳೆಗಾಲದಲ್ಲಿ ಕಾಮಿಕ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಮೊನ್ನೆ ಸೋರಿದ ನೀರು ಬಿದ್ದು ಎರಡು ಪುಸ್ತಕ ಒದ್ದೆ. ಬಿಸಿಲಿಗೆ ಇಡಬಹುದಾ?
(ಮಲ್ಪೆಯಿಂದ)

ಬಿಸಿಲು ಬೇಡ, ಬಣ್ಣ ಹೋಗುತ್ತದೆ, ಹಾಳೆ ಸುರುಟುತ್ತದೆ. ಮೊದಲು ಕಾಗದ ನೋಡಿ. ಹೊಳೆಯುವ ಕಾಗದದ ಮೇಲಿನ ಲೇಪ ಒದ್ದೆಯಾದರೆ ಅಂಟಿನಂತಾಗುತ್ತದೆ. ಹಾಗೇ ಒಣಗಿತೋ, ಪುಸ್ತಕ ಒಂದು ಹಲಗೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಒದ್ದೆ ಇರುವಾಗಲೇ ಪ್ರತಿ ಎರಡು ಪುಟದ ನಡುವೆ ಬಟರ್ ಪೇಪರ್ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ. ಇವತ್ತು ಪುರುಸೊತ್ತಿಲ್ಲದಿದ್ದರೆ ಜಿಪ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಅಲ್ಲಿ ಪುಟ ಅಂಟುವುದಿಲ್ಲ, ಬೂಷ್ಟೂ ಬೆಳೆಯುವುದಿಲ್ಲ.

ಬೂಷ್ಟು ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಳಕ್ಕೇ ಇಳಿಯುತ್ತದೆ. ಪೂರ್ತಿ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಮೆದು ಬ್ರಶ್ಶಿನಿಂದ ಉದುರಿಸಿ. ತೆಳು ಸಂಚಿಕೆಗಳಲ್ಲಿ ನಡುಪುಟದ ಪಿನ್ನು ನೋಡಿ, ತುಕ್ಕಿನ ಕಲೆ ಅಲ್ಲಿಂದಲೇ ಹಬ್ಬುವುದು.

ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕಿಂಚು ಬಿಡಿ. ಸಿಲಿಕಾ ಜೆಲ್ ತೆರೆದ ಕಪಾಟಿನಲ್ಲಿ ದಂಡ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಡಬ್ಬಿ ತುಂಬಿಸುವ ಕಾಲವೂ ಮುಖ್ಯ. ಜುಲೈಯಲ್ಲಿ ತುಂಬಿಸಿದರೆ ಹಾಳೆಯ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಫೆಬ್ರವರಿಯ ಒಂದು ಒಣ ಮಧ್ಯಾಹ್ನ ತುಂಬಿಸಿ ಮುಚ್ಚಿಡಿ. ಮಳೆಗಾಲಕ್ಕೆ ಓದಲು ಬೇಕಾದ ನಾಲ್ಕೈದನ್ನು ಮಾತ್ರ ಹೊರಗೆ ಇಟ್ಟುಕೊಳ್ಳಿ.