ಅಜ್ಜಿಯ ಸಕ್ಕರೆ ಅಚ್ಚು ಈ ವರ್ಷ ಹುಯ್ಯಬಹುದೇ?

ಪ್ರಶ್ನೆ: ಕಳೆದ ಶ್ರಾವಣದಲ್ಲಿ ನಮ್ಮ ಅಜ್ಜಿ (ಅಪ್ಪನ ತಾಯಿ) ತೀರಿಕೊಂಡರು. ಸಂಕ್ರಾಂತಿಗೆ ಹದಿನೈದು ದಿನ ಇರುವಾಗಲೇ ಮೈಸೂರಿನ ಮನೆಯಲ್ಲಿ ಸಕ್ಕರೆ ಅಚ್ಚು ಹುಯ್ಯಲು ಕೂರುತ್ತಿದ್ದರು. ಈ ಸಲ ನಾನು ಮಾಡುತ್ತೇನೆ ಎಂದರೆ ಅಪ್ಪ ‘ವರ್ಷಾಬ್ದಿಕ ಆಗುವವರೆಗೆ ಹಬ್ಬದ ಮಾತೆತ್ತಬೇಡ’ ಅಂದರು. ಸೋದರತ್ತೆ ‘ಅಮ್ಮ ಇದ್ದಿದ್ದರೆ ನಿಲ್ಲಿಸೋರೇ ಅಲ್ಲ’ ಎಂದು ಮರದ ಅಚ್ಚುಗಳ ಪೆಟ್ಟಿಗೆಯನ್ನೇ ತಮ್ಮ ಮನೆಗೆ ಒಯ್ದಿದ್ದಾರೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಈಗ ಯಾರೂ ಮಾತಾಡುತ್ತಿಲ್ಲ. ಹೋದ ವರ್ಷ ಬೆಂಗಳೂರಿನಲ್ಲಿ ಹೊಸ ಅಚ್ಚು ಕೊಂಡು ನಾನೊಬ್ಬಳೇ ಮಾಡಲು ಹೋದಾಗ ಪಾಕ ಸರಿಯಾಗಿ ಗಟ್ಟಿಯಾಗಲಿಲ್ಲ, ಆದಷ್ಟೂ ಮರಕ್ಕೇ ಅಂಟಿತು. ಅಜ್ಜಿಯದು ಕಣ್ಣಳತೆ, ಎಲ್ಲೂ ಬರೆದಿಟ್ಟಿಲ್ಲ. ಆರು ವರ್ಷದ ಮಗಳು ‘ದೊಡ್ಡಜ್ಜಿ ಮಾಡೋ ಆನೆ ಎಲ್ಲಿ’ ಅಂತ ಕೇಳುತ್ತಾಳೆ. ಏನು ಮಾಡಲಿ?

ಉತ್ತರ: ಅಪ್ಪನ ಮಾತು ಮೀರಬೇಡಿ. ಸೋದರತ್ತೆಯದು ತಪ್ಪು ಅಂತಲೂ ಅಂದುಕೊಳ್ಳಬೇಡಿ. ನಿಮ್ಮ ಅಪ್ಪ ಕ್ರಿಯಾಕರ್ಮ ಮಾಡಿದವರು, ತಿಂಗಳು ತಿಂಗಳು ಮಾಸಿಕ ಹಿಡಿದವರು. ಹಬ್ಬ ಬಿಟ್ಟಿರುವುದೇ ಅವರು ಅಮ್ಮನನ್ನು ನೆನೆಯುವ ಬಗೆ. ಸೋದರತ್ತೆ ಮದುವೆಯಾಗಿ ಹೋದವರು. ಹೆಚ್ಚಿನ ಮನೆಗಳಲ್ಲಿ ವರ್ಷವಿಡೀ ಹಬ್ಬ ಬಿಡುವ ಕಟ್ಟು ಹೆಣ್ಣುಮಕ್ಕಳ ಮನೆಗೆ ಇರುವುದಿಲ್ಲ. ಅವರಿಗೆ ನೆನೆಯಲು ಕೈಗೆ ಕೆಲಸ ಬೇಕು. ಇವರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ‘ಸರಿ’ ಅನ್ನಿಸಲು ಹೊರಟರೆ ಇನ್ನೂ ಆರು ತಿಂಗಳು ಗುಂಪು ಮೌನವಾಗೇ ಇರುತ್ತದೆ.

ದಾರಿ ಇರುವುದು ದಿನ ಬದಲಾಯಿಸುವುದರಲ್ಲಿ. ಪೂಜೆ, ಹೊಸ ಸೀರೆ, ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರುವುದು, ಇದು ಹಬ್ಬ. ಒಲೆಯ ಮುಂದೆ ನಿಂತು ಪಾಕ ತಿರುವುವುದು ಕೈಕೆಲಸ. ಎಳ್ಳು ಬೀರುವುದು ಹೆಚ್ಚೆಂದರೆ ರಥಸಪ್ತಮಿಯವರೆಗೆ. ಅದು ಕಳೆದ ಮೇಲಿನ ಒಂದು ಭಾನುವಾರ ಸೋದರತ್ತೆಯ ಮನೆಯಲ್ಲಿ ಸೇರಿ. ಆಗಲೂ ಹವೆ ಒಣಗಿರುತ್ತದೆ, ಅಚ್ಚು ಚೆನ್ನಾಗಿ ಕಟ್ಟುತ್ತದೆ. ಅಪ್ಪನಿಗೆ ಫೋನ್ ಮಾಡಿ, ‘ಹಬ್ಬ ಮಾಡ್ತಿಲ್ಲಪ್ಪ, ಅಜ್ಜಿ ಕೈಕೆಲಸ ಅತ್ತೆ ಹತ್ತಿರ ಕಲೀತಿದೀನಿ’ ಅನ್ನಿ. ಅನುಮತಿ ಕೇಳುವ ಧಾಟಿ ಬೇಡ, ತಿಳಿಸುವ ಧಾಟಿ ಸಾಕು. ಬರಲೇಬೇಕೆಂದು ಒತ್ತಾಯಿಸಬೇಡಿ. ಸಂಕ್ರಮಣ ಪಿತೃತರ್ಪಣದ ದಿನವೂ ಹೌದು; ಮೊದಲ ವರ್ಷ ಆ ದಿನ ಏನು ಮಾಡಬೇಕೆಂದು ಅವರು ಪುರೋಹಿತರನ್ನು ಕೇಳಿಕೊಳ್ಳಲಿ. ಅಲ್ಲಿಗೆ ಬೇಕಾದದ್ದು ಕರಿ ಎಳ್ಳು. ನಿಮ್ಮ ಬಿಳಿ ಎಳ್ಳಿಗೂ ಅದಕ್ಕೂ ತಾಕಲಾಟವಿಲ್ಲ. ಇನ್ನು ನಿಮ್ಮ ಗಂಡನ ಮನೆಯ ಸಂಕ್ರಾಂತಿ ಅವರ ಪದ್ಧತಿಯಂತೆ ನಡೆಯಲಿ, ಅದರಲ್ಲಿ ಅಪರಾಧ ಭಾವ ಬೇಡ.

ಈಗ ಪಾಕದ ವಿಷಯ. ಹೋದ ವರ್ಷ ನಿಮ್ಮಲ್ಲಿ ಕೆಟ್ಟದ್ದು ಎರಡು, ಕಾರಣವೂ ಎರಡು. ಮರಕ್ಕೆ ಅಂಟಿದ್ದು ಒಣ ಅಚ್ಚಿಗೆ ಹುಯ್ದದ್ದರಿಂದ. ಒಣ ಮರ ಪಾಕ ಹೀರುತ್ತದೆ. ಅಚ್ಚನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಹುಯ್ಯುವ ಮೊದಲು ಬಟ್ಟೆಯಿಂದ ಒತ್ತಿ ಒರೆಸಿ, ಹನಿ ನಿಂತರೆ ಅಲ್ಲಿ ಗುಳಿ ಬೀಳುತ್ತದೆ. ಎರಡು ಹೋಳನ್ನು ಸೇರಿಸಿ ರಬ್ಬರ್ ಬ್ಯಾಂಡನ್ನು ಬಿಗಿಯಾಗಿ ಹಾಕಿ. ಎಣ್ಣೆ, ತುಪ್ಪ ಸವರುವ ಚಟ ಬೇಡ. ಮರದಲ್ಲಿ ಸೇರಿ ಮುಂದಿನ ವರ್ಷಕ್ಕೆ ಕಮಟು ಹಿಡಿಯುತ್ತದೆ.

ಗಟ್ಟಿಯಾಗದ್ದಕ್ಕೆ ಒಂದೋ ಬೇಗ ಇಳಿಸಿದ್ದೀರಿ, ಇಲ್ಲವೇ ನಿಂಬೆರಸ ಧಾರಾಳವಾಗಿ ಹಿಂಡಿದ್ದೀರಿ. ಹುಳಿ ಸಕ್ಕರೆಯನ್ನು ಒಡೆದು ಹರಳು ಕಟ್ಟದಂತೆ ಮಾಡುತ್ತದೆ. ಜಾಮೂನಿನ ಪಾಕಕ್ಕೆ ಅದು ಒಳ್ಳೆಯದು, ಅಚ್ಚಿಗೆ ಶತ್ರು. 1 ಕೆಜಿ ಸಕ್ಕರೆಗೆ ಸುಮಾರು 400 ಮಿಲಿ ನೀರು, ಅಂದರೆ ಸಕ್ಕರೆ ಮುಳುಗುವಷ್ಟು. ಕುದಿ ಬಂದಾಗ ಎರಡು ಮೂರು ಚಮಚ ಹಾಲು ಹಾಕಿ, ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಸೋಸಿ. ಪಾಕ ಕನ್ನಡಿಯಂತೆ ಕಾಣದಿದ್ದರೆ ಇನ್ನೊಮ್ಮೆ ಹಾಲು, ಇನ್ನೊಮ್ಮೆ ಸೋಸುವುದು. ಅಚ್ಚಿನ ಬಿಳುಪು ಇಲ್ಲಿಯದು.

ಸೋಸಿದ್ದನ್ನೆಲ್ಲ ಒಟ್ಟಿಗೆ ಕಾಯಿಸಬೇಡಿ. ಎರಡು ಅಚ್ಚು ತುಂಬುವ ಹೊತ್ತಿಗೆ ಮಿಕ್ಕಿದ್ದು ಪಾತ್ರೆಯಲ್ಲೇ ಕಲ್ಲಾಗುತ್ತದೆ. ಸಣ್ಣ ಪಾತ್ರೆಗೆ ಎರಡು ಸೌಟು ಮಾತ್ರ. ಒಂದೆಳೆ ಬಂದ ಮೇಲೆ ಉರಿ ಸಣ್ಣ ಮಾಡಿ, ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವಿ. ಅಂಚಿನಲ್ಲಿ ಬಿಳಿ ಗೀಟು ಕಟ್ಟುತ್ತದೆ. ಅದನ್ನು ಪಾಕಕ್ಕೇ ಸೇರಿಸುತ್ತಾ ಹೋಗಿ. ತಿಳಿ ಹೋಗಿ ನೀರುಮಜ್ಜಿಗೆಯ ಹಾಗೆ ಮಸುಕಾದ ಕ್ಷಣ ಇಳಿಸಿ, ಹುಯ್ಯಿರಿ. ಇನ್ನೊಂದು ನಿಮಿಷ ಬಿಟ್ಟರೆ ಸೌಟು ಅಲ್ಲಾಡುವುದಿಲ್ಲ. ಹಾಗಾದರೂ ಗಾಬರಿಯಿಲ್ಲ, ಸ್ವಲ್ಪ ನೀರು ಹಾಕಿ ಕರಗಿಸಿ ಮತ್ತೆ ಕಾಯಿಸಬಹುದು. ಹತ್ತು ನಿಮಿಷದ ಮೇಲೆ ಬ್ಯಾಂಡ್ ತೆಗೆದು ಹೋಳುಗಳನ್ನು ನೇರವಾಗಿ ಅಗಲಿಸಿ. ತಿರುಚಿದರೆ ಗಿಳಿಯ ಕೊಕ್ಕು, ಆನೆಯ ಸೊಂಡಿಲು ಒಳಗೇ ಉಳಿಯುತ್ತವೆ.

ಆ ‘ಮಸುಕಾದ ಕ್ಷಣ’ ಬರಹದಿಂದ ಬರುವುದಿಲ್ಲ. ಅದನ್ನು ಕಂಡಿರುವವರು ನಿಮ್ಮ ಸೋದರತ್ತೆ. ಮೊಬೈಲ್ ಅನ್ನು ಅವರ ಮುಖಕ್ಕೆ ಹಿಡಿಯದೆ ಪಾತ್ರೆಗೆ ಹಿಡಿದು, ಅವರು ಮಾತಾಡಿಕೊಂಡೇ ಮಾಡಲಿ. ಅಳತೆ ಹೇಳಿ ಎಂದರೆ ‘ಅಂದಾಜು ಅಷ್ಟೇ’ ಅಂತಾರೆ. ಕೇಳಲೇಬೇಡಿ. ಸಕ್ಕರೆ ಡಬ್ಬಿ, ನೀರಿನ ಚೊಂಬು ಎರಡನ್ನೂ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಕಣ್ಣಳತೆ ಗ್ರಾಮಿಗೆ ಬರುವುದು ಹೀಗೆ. ಎಳ್ಳಿಗೂ ಇದೇ ಉಪಾಯ. ಆರಂಭಕ್ಕೆ ಬೇಕಾದರೆ ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ 250 ಗ್ರಾಂ, ಹುರಿದ ಬಿಳಿ ಎಳ್ಳು 125 ಗ್ರಾಂ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯಲೇಬೇಕು. ಹೆಚ್ಚಿದ ಬೆಲ್ಲ ಎರಡು ಮೂರು ದಿನ ಬಿಸಿಲು ಕಾಣದಿದ್ದರೆ ಬೆವರಿ ಎಲ್ಲವನ್ನೂ ಮುದ್ದೆ ಮಾಡುತ್ತದೆ.

ಪೆಟ್ಟಿಗೆ ಯಾರಿಗೆ ಸೇರಬೇಕು ಎನ್ನುವುದನ್ನು ಈಗ ಎತ್ತಬೇಡಿ. ನನ್ನ ಕೇಳಿದರೆ, ಹುಯ್ಯುವವರ ಮನೆಯಲ್ಲಿರಲಿ. ಗಾಜಿನ ಬೀರುವಿನಲ್ಲಿ ಅಲಂಕಾರಕ್ಕಿಟ್ಟ ಅಚ್ಚು ನೀರು ಕಾಣದೆ ಒಣಗಿ ಸೀಳುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕದೆ ಬಿಸಿನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಆರಿಸಿ, ಹಳೆಯ ಪಂಚೆಯಲ್ಲಿ ಸುತ್ತಿ. ಜೋಡಿ ತಪ್ಪದಂತೆ ಹಿಂಬದಿಗೆ ಪೆನ್ಸಿಲಿನಲ್ಲಿ ನಂಬರು ಬರೆದರೆ ಸಾಕು. ನೀವು ಇದನ್ನೆಲ್ಲ ಮಾಡಿದ್ದನ್ನು ಸೋದರತ್ತೆ ನೋಡಿದ ಮೇಲೆ, ಆನೆಯ ಜೋಡಿ ಒಂದನ್ನು ಕೇಳಿ ನೋಡಿ.

ಮಗಳನ್ನು ಒಲೆಯಿಂದ ದೂರ ಕೂರಿಸಿ, ಸಕ್ಕರೆ ಪಾಕದ ಸುಟ್ಟಗಾಯ ನೀರಿನದಕ್ಕಿಂತ ಕೆಟ್ಟದ್ದು. ರಬ್ಬರ್ ಬ್ಯಾಂಡ್ ಎಣಿಸಿ ಕೊಡುವುದು, ಹುರಿದ ಕಡಲೆಬೀಜದ ಸಿಪ್ಪೆ ಉಜ್ಜುವುದು ಅವಳ ಪಾಲಿಗಿರಲಿ. ಚೆನ್ನಾಗಿ ಬಂದ ಅಚ್ಚುಗಳನ್ನು ಆರಿಸಿ ಡಬ್ಬಿಯಲ್ಲಿಡಿ. ತೇವ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತವೆ, ಅಪ್ಪ ಬಂದಾಗ ತೋರಿಸಬಹುದು. ಮುರಿದವು ಮತ್ತೆ ಪಾಕಕ್ಕೆ. ಸೊಂಡಿಲು ಮುರಿದ ಆನೆ ಮಾತ್ರ ಮಗಳ ಕೈ ಸೇರಿದ ಮೇಲೆ ಪಾತ್ರೆಗೆ ವಾಪಸು ಬರುವುದು ಅನುಮಾನ.