ವಿಮಾನದಲ್ಲಿ ಹೃದಯಾಘಾತವಾದಾಗ ಎಟಿಸಿ ಏನು ಮಾಡುತ್ತದೆ?

ಪ್ರಶ್ನೆ: ಹಾರುತ್ತಿರುವ ವಿಮಾನದಲ್ಲಿ ಪ್ರಯಾಣಿಕರೊಬ್ಬರಿಗೆ ಹೃದಯಾಘಾತವಾದರೆ ವಾಯು ಸಂಚಾರ ನಿಯಂತ್ರಕರ (ಎಟಿಸಿ) ಪಾತ್ರವೇನು? ಸರಿಯಾಗಿ ಕೆಳಗೇ ಇರುವ ನಿಲ್ದಾಣದಲ್ಲಿ ಕೂಡಲೇ ಇಳಿಸಬಹುದಲ್ಲವೇ?

ಉತ್ತರ: ಕೆಳಗೇ ಇರುವ ನಿಲ್ದಾಣ ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ಸಾವಿರ ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲು ಬೇಕೆಂಬುದು ಪೈಲಟ್‌ಗಳ ಅಂದಾಜು ಲೆಕ್ಕ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲು, ಅಂದರೆ ಹೆಚ್ಚುಕಡಿಮೆ 195 ಕಿ.ಮೀ. ಬೇಕು, ವೇಗ ತಗ್ಗಿಸಲು ಇನ್ನಷ್ಟು. ಅಲ್ಲೇ ಸುತ್ತು ಹೊಡೆದು ಇಳಿಯುವಷ್ಟು ಹೊತ್ತಿನಲ್ಲಿ 200 ಕಿ.ಮೀ. ಮುಂದಿರುವ, ಒಳ್ಳೆಯ ಆಸ್ಪತ್ರೆಯ ಊರನ್ನೇ ತಲುಪಬಹುದು. ಎಲ್ಲಿ ಇಳಿಯಬೇಕೆಂದು ತೀರ್ಮಾನಿಸುವವರು ಕ್ಯಾಪ್ಟನ್. ನಿಯಂತ್ರಕರು ರನ್‌ವೇ ಉದ್ದ, ಹವಾಮಾನ, ನಿಲ್ದಾಣ ಆ ಹೊತ್ತಿಗೆ ತೆರೆದಿದೆಯೇ ಎಂಬುದನ್ನು ತಿಳಿಸುತ್ತಾರೆ. ವೈದ್ಯಕೀಯ ಸಲಹೆ ಕೊಡುವುದಿಲ್ಲ.

ಪೈಲಟ್ ಮೂರು ಬಾರಿ 'ಪ್ಯಾನ್ ಪ್ಯಾನ್' ಎಂದರೆ ಇದು ತುರ್ತು, 'ಮೇಡೇ' ಎಂದರೆ ಗಂಭೀರ ಅಪಾಯ ಎದುರಾಗಿದೆ ಎಂದರ್ಥ. ವಿಮಾನದ ಗುರುತನ್ನು ರೇಡಾರ್‌ಗೆ ಕಳಿಸುವ ಟ್ರಾನ್ಸ್‌ಪಾಂಡರ್ ಸಾಧನದಲ್ಲಿ ತುರ್ತು ಸಂಕೇತವಾದ 7700 ಹಾಕಿದರೆ ರೇಡಾರ್ ಪರದೆಯಲ್ಲಿ ಆ ವಿಮಾನ ಎದ್ದು ಕಾಣುತ್ತದೆ. ತೊಂದರೆಯಾಗುವುದು, 'ಒಬ್ಬರಿಗೆ ಹುಷಾರಿಲ್ಲ, ಬೇಗ ಇಳಿಯಬೇಕಿತ್ತು' ಎಂದಷ್ಟೇ ಹೇಳಿದಾಗ. ಆಗ ನಿಯಂತ್ರಕರು ಊಹಿಸುತ್ತ ಕೂರಬಾರದು, 'ತುರ್ತುಸ್ಥಿತಿ ಘೋಷಿಸುತ್ತಿದ್ದೀರಾ?' ಎಂದು ನೇರವಾಗಿ ಕೇಳಬೇಕು. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಆವಿಯಾಂಕಾ 52 ವಿಮಾನದ ಸಿಬ್ಬಂದಿ 'ಆದ್ಯತೆ' ಕೇಳಿದ್ದರು, 'ಎಮರ್ಜೆನ್ಸಿ' ಎಂದಿರಲಿಲ್ಲ. 73 ಜನ ಸತ್ತರು. ಅದು ವೈದ್ಯಕೀಯ ಪ್ರಕರಣವಲ್ಲದಿದ್ದರೂ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ಘೋಷಣೆಯಾದ ಮೇಲೆ ದಾರಿಯನ್ನು ನೇರ ಮಾಡುತ್ತಾರೆ, ವೇಗದ ಮಿತಿ ತೆಗೆಯುತ್ತಾರೆ, ಉಳಿದ ವಿಮಾನಗಳನ್ನು ಪಕ್ಕಕ್ಕೆ ತಿರುಗಿಸುತ್ತಾರೆ ಇಲ್ಲವೇ ಕಾಯಿಸುತ್ತಾರೆ. ವಿಮಾನಗಳ ನಡುವಿನ ಸುರಕ್ಷಿತ ಅಂತರವನ್ನು ಮಾತ್ರ ಕಡಿಮೆ ಮಾಡುವುದಿಲ್ಲ. ಮುಂದಿನ ಸೆಕ್ಟರ್‌ಗೆ, ಅಂದರೆ ಆಕಾಶದ ಮುಂದಿನ ಭಾಗವನ್ನು ನೋಡಿಕೊಳ್ಳುವ ನಿಯಂತ್ರಕರಿಗೆ, ಹಾಟ್‌ಲೈನ್‌ನಲ್ಲಿ ಎಲ್ಲವನ್ನೂ ಮೊದಲೇ ತಿಳಿಸಿಬಿಡುತ್ತಾರೆ. ಇಳಿಯುವ ಸಿದ್ಧತೆಯಲ್ಲಿರುವ ಪೈಲಟ್ ಪ್ರತಿ ಫ್ರೀಕ್ವೆನ್ಸಿಯಲ್ಲೂ ಅದೇ ಕಥೆ ಹೇಳುವಂತಾಗುವುದು ಬಹಳ ಕೆಟ್ಟದ್ದು.

ಆಗಷ್ಟೇ ಹೊರಟ ದೂರಪ್ರಯಾಣದ ವಿಮಾನವಾದರೆ ತುಂಬಿದ ಇಂಧನದಿಂದಾಗಿ ಅದರ ತೂಕ ಇಳಿಯಲು ಇರುವ ಮಿತಿಯನ್ನು ಮೀರಿರಬಹುದು. ಕೆಲವು ದೊಡ್ಡ ವಿಮಾನಗಳು ಇಂಧನ ಚೆಲ್ಲಬಲ್ಲವು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ರೋಗಿಯ ಸ್ಥಿತಿ ಗಂಭೀರವಿದ್ದರೆ ಕ್ಯಾಪ್ಟನ್ ಹೆಚ್ಚು ತೂಕದಲ್ಲೇ ಇಳಿಸಬಹುದು. ಆಮೇಲೆ ವಿಮಾನದ ತಪಾಸಣೆ ಆಗಲೇಬೇಕು.

ಗಳಿಸಿದ ನಿಮಿಷಗಳು ಪೋಲಾಗುವುದು ಹೆಚ್ಚಾಗಿ ನೆಲದ ಮೇಲೆ. ಆ್ಯಂಬುಲೆನ್ಸ್ ಟರ್ಮಿನಲ್ ಮುಂದೆ, ವಿಮಾನ ದೂರದ ಸ್ಟ್ಯಾಂಡ್‌ನಲ್ಲಿ (ನಿಲ್ಲಿಸುವ ಜಾಗದಲ್ಲಿ)! ಅದಕ್ಕೇ ರೋಗಿಯ ವಯಸ್ಸು, ಲಿಂಗ, ಪ್ರಜ್ಞೆ ಇದೆಯೇ, ಉಸಿರಾಡುತ್ತಿದ್ದಾರೆಯೇ, ಸಿಪಿಆರ್ (ಎದೆ ಒತ್ತಿ ಹೃದಯಕ್ಕೆ ನೆರವಾಗುವ ಪ್ರಥಮ ಚಿಕಿತ್ಸೆ) ನಡೆಯುತ್ತಿದೆಯೇ, ಸ್ಟ್ರೆಚರ್ ಬೇಕೇ ಎಂಬುದರ ಜೊತೆಗೆ ಸ್ಟ್ಯಾಂಡ್ ಸಂಖ್ಯೆ ಮತ್ತು ಯಾವ ಬಾಗಿಲು ಎಂಬುದೂ ಇಳಿಯುವ ಮೊದಲೇ ಆ್ಯಂಬುಲೆನ್ಸ್ ತಂಡಕ್ಕೆ ತಲುಪಿರಬೇಕು. ಕೊನೆ ಗಳಿಗೆಯಲ್ಲಿ ಸ್ಟ್ಯಾಂಡ್ ಬದಲಾದರೆ ಮೊದಲ ಕರೆ ಹೋಗಬೇಕಾದದ್ದೂ ಅವರಿಗೇ.